ಟೆಕ್ನಿಕಲ್ ರೈಟರ್‌ಗೆ ಸಂಘ ಬೇಕಾ? ಬೇಕಾದರೆ ಯಾವುದು?

ಕಳೆದ ತಿಂಗಳು ನನ್ನ ಹಳೇ ಟೀಮಿನ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಟೆಕ್ನಿಕಲ್ ರೈಟರ್, ಅಂದರೆ ಯಂತ್ರ, ಸಾಫ್ಟ್‌ವೇರ್ ಬಳಸುವುದು ಹೇಗೆ ಅಂತ ಬರೆದುಕೊಡುವವಳು, ಆಗಿ ಎರಡು ವರ್ಷ ಆಗಿದೆ. ಈಗಿನ ಕಂಪನಿಯಲ್ಲಿ ಅಷ್ಟೂ ಎಂಜಿನಿಯರ್‌ಗಳಿಗೆ ಇವಳೊಬ್ಬಳೇ ರೈಟರ್. "ಮೇಡಂ, ಯಾವುದಾದರೂ ಅಸೋಸಿಯೇಶನ್ ಸೇರಿಕೊಳ್ಳಲಾ? ದುಡ್ಡು ಕೊಟ್ಟು ಸೇರಿದರೆ ಏನಾದರೂ ಉಪಯೋಗ ಇದೆಯಾ?" ಅಂತ ಕೇಳಿದಳು. ಬಸ್ಸಿನಲ್ಲಿದ್ದೆ, ಹೇಳಿದ್ದು ಅರ್ಧಂಬರ್ಧ ಆಯಿತು. ಇದೇ ಪ್ರಶ್ನೆ ಬೇರೆಯವರೂ ಕೇಳಿದ್ದಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಂಘ ಬೇಕು. ಬಹಳ ಆಫೀಸುಗಳಲ್ಲಿ ನಾವು ಬರೆದದ್ದನ್ನು ಓದಿ ತಪ್ಪು ತೋರಿಸುವವರು ಇರುವುದಿಲ್ಲ. ಡೆವಲಪರ್ ರಿವ್ಯೂ ಮಾಡಿದರೆ ಕಮಾಂಡ್ ಸರಿಯಿದೆಯಾ ಅಂತ ನೋಡುತ್ತಾನೆ. ಮ್ಯಾನೇಜರ್ ರಿಲೀಸ್ ತಾರೀಕು ನೋಡುತ್ತಾರೆ. ಓದುವವರಿಗೆ ವಾಕ್ಯ ಅರ್ಥ ಆಗುತ್ತಾ, ಹೆಜ್ಜೆಗಳ ಕ್ರಮ ಸರಿಯಿದೆಯಾ ಅಂತ ನೋಡುವುದಕ್ಕೆ ಇನ್ನೊಬ್ಬ ರೈಟರೇ ಬೇಕು. ಹಾಗಾಗಿ ಯಾವ ಸಂಘದ ಬಗ್ಗೆ ಕೇಳಿದರೂ ನಾನು ಮೊದಲು ನೋಡುವುದು ಒಂದೇ: ನನ್ನ ಎರಡು ಪುಟ ಅಲ್ಲಿಟ್ಟರೆ ಯಾರಾದರೂ ಓದಿ ಹೇಳುತ್ತಾರಾ?

ನನಗೆ ಇದು ಗೊತ್ತಾದದ್ದು ಕೆಲಸಕ್ಕೆ ಸೇರಿದ ಎರಡನೇ ವರ್ಷ. ಆಗ ಒಂದು ಯುಪಿಎಸ್ ಮ್ಯಾನುಯಲ್ ಬರೆದಿದ್ದೆ. ಇಂಗ್ಲಿಷಿನಲ್ಲಿತ್ತು, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ಬ್ಯಾಟರಿ ಬದಲಾಯಿಸುವ ಭಾಗದಲ್ಲಿ ನಾಲ್ಕನೇ ಹೆಜ್ಜೆ: "ಹಿಂದಿನ ಕವರ್ ತೆಗೆಯಿರಿ." ಅದರ ಕೆಳಗೆ ಬಾಕ್ಸ್ ಹಾಕಿ, ದಪ್ಪಕ್ಷರದಲ್ಲಿ: "ಎಚ್ಚರಿಕೆ. ಕವರ್ ತೆಗೆಯುವ ಮೊದಲು ಯುಪಿಎಸ್ ಆಫ್ ಮಾಡಿ, ಪ್ಲಗ್ ತೆಗೆಯಿರಿ." ಆಫೀಸಿನಲ್ಲಿ ಮೂರು ಜನ ಓದಿ ಓಕೆ ಅಂದಿದ್ದರು. ಒಂದು ಶನಿವಾರ ಎಸ್‌ಟಿಸಿ ಅನ್ನುವ ಅಮೆರಿಕದ ರೈಟರ್‌ಗಳ ಸಂಘದ ಇಂಡಿಯಾ ಚಾಪ್ಟರ್‌ನವರ ಸೆಷನ್ ಇತ್ತು. ಅದರ ಪ್ರಿಂಟ್ ತಗೊಂಡು ಹೋದೆ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಒಂದೊಂದೇ ಹೆಜ್ಜೆಯ ಮೇಲೆ ಎಡಗೈ ಬೆರಳಿಟ್ಟರು. ಅಲ್ಲಿ ಬರೆದದ್ದನ್ನು ಬಲಗೈಯಲ್ಲಿ ಮಾಡುತ್ತಾ ಬಂದರು. ನಾಲ್ಕಕ್ಕೆ ಬಂದಾಗ ಸ್ಕ್ರೂ ಬಿಚ್ಚುವ ಹಾಗೆ ಕೈ ತಿರುಗಿಸಿದರು, ಕವರ್ ಎತ್ತಿದ ಹಾಗೆ ಮಾಡಿದರು. ಆಮೇಲೆ ಬೆರಳು ಬಾಕ್ಸಿಗೆ ಬಂತು. ತಲೆ ಎತ್ತಿ ನನ್ನ ಮುಖ ನೋಡಿ, "ಅಷ್ಟೊತ್ತಿಗೆ ಶಾಕ್ ಹೊಡೆದಾಯ್ತಲ್ಲಮ್ಮ" ಅಂದರು.

ಬಾಕ್ಸಿನಿಂದ ಮೂರು ಮತ್ತು ನಾಲ್ಕನೇ ಹೆಜ್ಜೆಯ ನಡುವೆ ಒಂದು ಬಾಣ ಎಳೆದುಕೊಟ್ಟರು. ಆ ಪುಟ ಇನ್ನೂ ನನ್ನ ಹತ್ತಿರ ಇದೆ. ಎಚ್ಚರಿಕೆ ಹೆಜ್ಜೆಗಿಂತ ಮುಂಚೆ ಬರಬೇಕು ಅನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಆದರೆ ಹೇಳಿಕೊಡುವವರು ಇಲ್ಲದಿದ್ದರೆ ಮೊದಲ ಪಾಠವೂ ಗೊತ್ತಾಗುವುದಿಲ್ಲ.

ಎಸ್‌ಟಿಸಿ ಈಗ ಇಲ್ಲ

ಹಳೇ ಸಲಹೆಗಳನ್ನು ಓದಿದರೆ ಎಲ್ಲರೂ ಮೊದಲು ಹೇಳುವ ಹೆಸರು ಎಸ್‌ಟಿಸಿ, ಅಂದರೆ ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಶನ್. ಅದು ಮುಚ್ಚಿದೆ. 1953ರಲ್ಲಿ ಬಾಸ್ಟನ್ ಮತ್ತು ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಎರಡು ಚಿಕ್ಕ ಸಂಘಗಳು ಮುಂದೆ ಒಂದಾದವು, ಬೇರೆಯವರೂ ಬಂದು ಸೇರಿಕೊಂಡರು. 1971ರಲ್ಲಿ ಈ ಹೆಸರು ಬಂತು. ಸದಸ್ಯರೂ ಆದಾಯವೂ ಕಡಿಮೆಯಾಗುತ್ತಾ ಬಂದು, 2025ರ ಜನವರಿ 29ರಂದು ಬಾಗಿಲು ಹಾಕುತ್ತೇವೆ, ದಿವಾಳಿ ಅರ್ಜಿ ಹಾಕುತ್ತೇವೆ ಅಂತ ಘೋಷಿಸಿದರು. ಅಮೆರಿಕದ ಕಾನೂನಿನಲ್ಲಿ ಚಾಪ್ಟರ್ 7 ಅನ್ನುತ್ತಾರೆ. ಇದ್ದದ್ದನ್ನು ಮಾರಿ ಸಾಲ ತೀರಿಸಿ ಮುಚ್ಚುವ ದಾರಿ ಅದು. ಮತ್ತೆ ಎದ್ದು ನಿಲ್ಲುವ ದಾರಿ ಅಲ್ಲ.

ಆ ಸುದ್ದಿ ಓದಿದ ದಿನ ನನಗೆ ನಿಜವಾಗಲೂ ಬೇಜಾರಾಯಿತು. ಎಸ್‌ಟಿಸಿ ನಮಗೆ ಎಷ್ಟೋ ಕೆಲಸ ಮಾಡಿಕೊಟ್ಟಿತ್ತು. ಅದರ ಪತ್ರಿಕೆ, ವರ್ಷಕ್ಕೊಮ್ಮೆ ನಡೆಯುವ ಸಮ್ಮೇಳನ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಇನ್ನೊಂದು ಇದೆ. ಅಮೆರಿಕದ ಕಾರ್ಮಿಕ ಇಲಾಖೆಯ ಉದ್ಯೋಗ ಕೈಪಿಡಿಯಲ್ಲಿ ಟೆಕ್ನಿಕಲ್ ರೈಟರ್‌ಗಳನ್ನು ಬೇರೆ ಲೇಖಕರಿಂದ ಬೇರ್ಪಡಿಸಿ ತೋರಿಸುವಂತೆ ಆಗಲು ಎಸ್‌ಟಿಸಿ ಬೆನ್ನು ಹತ್ತಿ ಕೆಲಸ ಮಾಡಿತು. ಸಂಬಳ ಎಷ್ಟು, ಕೆಲಸ ಎಷ್ಟು ಅಂತ ಬೇರೆ ಲೆಕ್ಕ ಸಿಕ್ಕರೆ ಮಾತಾಡುವುದು ಸುಲಭ, ಅಲ್ವಾ? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2008ರ ಉದ್ಯೋಗ ಪಟ್ಟಿಯಲ್ಲಿ ನಾವು ಇವತ್ತಿಗೂ 2641ನೇ ಗುಂಪಿನಲ್ಲಿದ್ದೇವೆ. ಕವಿಗಳು, ಕಾದಂಬರಿಕಾರರು, ನಾಟಕಕಾರರು ಎಲ್ಲ ಅದೇ ಗುಂಪು. ಇಂಥದ್ದನ್ನು ಬದಲಾಯಿಸಲು ಒಬ್ಬ ರೈಟರ್ ಕೈಯಲ್ಲಿ ಆಗುವುದಿಲ್ಲ. ಅದಕ್ಕೆ ಸಂಘವೇ ಬೇಕು.

ಎಸ್‌ಟಿಸಿ ಮುಚ್ಚಿದ್ದರಿಂದ ನಾನು ಕಲಿತದ್ದು ಎರಡು. ಯಾವ ಸಂಘಕ್ಕೂ ಎರಡು ಮೂರು ವರ್ಷದ ಚಂದಾ ಒಟ್ಟಿಗೆ ಕಟ್ಟಬೇಡಿ, ರಿಯಾಯಿತಿ ಇದ್ದರೂ ಬೇಡ. ಸದಸ್ಯರಿಗೆ ಮಾತ್ರ ಅಂತ ಕೊಡುವ ಲೇಖನ, ರೆಕಾರ್ಡಿಂಗ್‌ಗಳಲ್ಲಿ ನಿಮಗೆ ಬೇಕಾದದ್ದನ್ನು ಅವರ ನಿಯಮ ಬಿಟ್ಟಷ್ಟು ಅವತ್ತೇ ಇಳಿಸಿಕೊಳ್ಳಿ. ಸೈಟ್ ಎಲ್ಲಿ ಹೋಗುತ್ತೆ, ಆಮೇಲೆ ನೋಡಿದರಾಯಿತು ಅಂತ ಬಿಟ್ಟು ನಾನು ಕೆಲವನ್ನು ಕಳೆದುಕೊಂಡೆ.

ಸಾಫ್ಟ್‌ವೇರ್ ಕಡೆಯವರಿಗೆ: ರೈಟ್ ದ ಡಾಕ್ಸ್

ಬೆಂಗಳೂರಿನ ರೈಟರ್‌ಗಳಲ್ಲಿ ಸಾಫ್ಟ್‌ವೇರಿಗೆ ಬರೆಯುವವರೇ ಜಾಸ್ತಿ. ಅವರಿಗೆ ನಾನು ಮೊದಲು ಹೇಳುವುದು ರೈಟ್ ದ ಡಾಕ್ಸ್. 2013ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಒಂದು ಸಮ್ಮೇಳನವಾಗಿ ಶುರುವಾಯಿತು. ಸಂಘ ಅನ್ನುವುದಕ್ಕಿಂತ ಬಳಗ ಅನ್ನಬಹುದು. ಸದಸ್ಯತ್ವದ ಚಂದಾ ಇಲ್ಲ, ಫಾರಂ ಇಲ್ಲ. ಸ್ಲ್ಯಾಕ್ ಅನ್ನುವ ಚಾಟ್ ಆ್ಯಪ್‌ನಲ್ಲಿ ಅವರ ಗುಂಪು ಸೇರಿಕೊಂಡರೆ ಆಯಿತು. ಖರ್ಚು ನಡೆಯುವುದು ಸಮ್ಮೇಳನದ ಟಿಕೆಟ್ ಮತ್ತು ಪ್ರಾಯೋಜಕರಿಂದ. ರೈಟರ್‌ಗಳ ಜೊತೆ ಡೆವಲಪರ್‌ಗಳು, ಸಪೋರ್ಟ್‌ನವರು ಕೂಡ ಇರುತ್ತಾರೆ. ಡಾಕ್ಯುಮೆಂಟ್ ಬಗ್ಗೆ ಕಾಳಜಿ ಇದ್ದರೆ ಸಾಕು, ಹುದ್ದೆಯ ಹೆಸರು ಯಾರೂ ಕೇಳುವುದಿಲ್ಲ.

ಸ್ಲ್ಯಾಕ್‌ನಲ್ಲಿ ಕೆಲಸದ ಖಾಲಿ ಜಾಗಗಳಿಗೆ ಒಂದು ಚಾನೆಲ್ಲು, ಹೊಸಬರಿಗೆ ಒಂದು, ವೃತ್ತಿ ಸಲಹೆಗೆ ಒಂದು, ಹೀಗೆ ಇದೆ. ಸಂಬಳದ ಸಮೀಕ್ಷೆಯನ್ನೂ 2019ರಿಂದ ಮಾಡಿದ್ದಾರೆ. ಅದರಲ್ಲಿ ಪಾಶ್ಚಾತ್ಯ ದೇಶದವರು ಜಾಸ್ತಿ ಇರುವುದರಿಂದ ಆ ಅಂಕಿ ಇಟ್ಟುಕೊಂಡು ಬೆಂಗಳೂರಿನ ಎಚ್ಆರ್ ಹತ್ತಿರ ವಾದ ಮಾಡಬೇಡಿ. ಬೇರೆ ಕಡೆ ಏನು ನಡೆದಿದೆ ಅಂತ ತಿಳಿಯಲು ಚೆನ್ನಾಗಿದೆ.

ನಾನು ಇದನ್ನು ಮೇಲಿಡಲು ಮುಖ್ಯ ಕಾರಣ ಮೀಟಪ್. ನಮ್ಮಲ್ಲಿ ಸಾಮಾನ್ಯವಾಗಿ ಶನಿವಾರ ಬೆಳಿಗ್ಗೆ ಯಾವುದೋ ಕಂಪನಿ ತನ್ನ ಮೀಟಿಂಗ್ ರೂಮ್ ಬಿಟ್ಟುಕೊಡುತ್ತದೆ. ಗೇಟಿನಲ್ಲಿ ಸೆಕ್ಯೂರಿಟಿಯವರು ಲ್ಯಾಪ್‌ಟಾಪ್ ತಿರುಗಿಸಿ ಸೀರಿಯಲ್ ನಂಬರ್ ಬರೆದುಕೊಳ್ಳುತ್ತಾರೆ. ಒಳಗೆ ಒಂದೆರಡು ಟಾಕ್ ಇರುತ್ತದೆ. ಅದಕ್ಕಿಂತ ಮುಖ್ಯವಾದದ್ದು ನಡುವೆ ಕಾಫಿಗೆ ಎದ್ದಾಗ. ಈ ಬಳಗದಲ್ಲಿ ಪ್ಯಾಕ್‌ಮ್ಯಾನ್ ನಿಯಮ ಅಂತ ಒಂದು ರೂಢಿ ಇದೆ. ನಾಲ್ಕೈದು ಜನ ಸುತ್ತ ನಿಂತು ಮಾತಾಡುವಾಗ ಯಾವಾಗಲೂ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಬಿಟ್ಟು ನಿಲ್ಲಬೇಕು. ವಿಡಿಯೋ ಗೇಮಿನ ಆ ಹಳದಿ ಗೊಂಬೆ ಬಾಯಿ ತೆರೆದುಕೊಂಡ ಹಾಗೆ. ಯಾರಾದರೂ ಬಂದು ಆ ಜಾಗದಲ್ಲಿ ನಿಂತರೆ ಮತ್ತೆ ಸ್ವಲ್ಪ ಸರಿದು ಇನ್ನೊಬ್ಬರಿಗೆ ಜಾಗ ಮಾಡಬೇಕು. ಯಾರ ಪರಿಚಯವೂ ಇಲ್ಲದೆ ಗೋಡೆ ಪಕ್ಕ ಕಪ್ ಹಿಡಿದು ನಿಂತವರಿಗೆ ಆ ಒಂದು ಹೆಜ್ಜೆ ಜಾಗ ಎಷ್ಟು ದೊಡ್ಡದು ಅಂತ ನಿಂತವರಿಗೇ ಗೊತ್ತು.

ಕೊರತೆ ಏನೆಂದರೆ, ಇದು ಸರ್ಟಿಫಿಕೇಟ್ ಕೊಡುವ ಜಾಗ ಅಲ್ಲ. ಹೆಸರಿನ ಮುಂದೆ ಅಕ್ಷರ ಹಾಕಿಕೊಳ್ಳಲು ಆಗುವುದಿಲ್ಲ. ಸ್ಥಳೀಯ ಮೀಟಪ್ ನಡೆಸುವವರು ತಮ್ಮ ಬಿಡುವಿನಲ್ಲಿ ನಡೆಸುತ್ತಾರೆ. ಅವರು ಊರು ಬಿಟ್ಟರೆ, ಕೆಲಸ ಹೆಚ್ಚಾದರೆ ಕೆಲವು ತಿಂಗಳು ಏನೂ ನಡೆಯದೇ ಇರಬಹುದು. ಯಂತ್ರ, ವೈದ್ಯಕೀಯ ಉಪಕರಣ, ವಿಮಾನದ ಮ್ಯಾನುಯಲ್ ಬರೆಯುವವರಿಗೆ ಇಲ್ಲಿ ತಮ್ಮ ಮಾತು ಅರ್ಥವಾಗುವ ಜನ ಕಡಿಮೆ.

ಯಂತ್ರದ ಮ್ಯಾನುಯಲ್ ಬರೆಯುವವರಿಗೆ: ತೆಕೋಮ್

ಅಂಥವರು ನೋಡಬೇಕಾದದ್ದು ಜರ್ಮನಿಯ ಟೆಕ್ನಿಕಲ್ ರೈಟರ್‌ಗಳ ಸಂಘ ತೆಕೋಮ್. 1978ರಲ್ಲಿ ಶುರುವಾದದ್ದು, ಕಚೇರಿ ಶ್ಟುಟ್‌ಗಾರ್ಟ್‌ನಲ್ಲಿ. ಪ್ರತಿ ನವೆಂಬರಿನಲ್ಲಿ ಅಲ್ಲಿ ನಡೆಯುವ ಸಮ್ಮೇಳನ ನಮ್ಮ ಕ್ಷೇತ್ರದ ದೊಡ್ಡ ಜಾತ್ರೆ. ಹಿಂದೆ ಟಿಸಿವರ್ಲ್ಡ್ ಇಂಡಿಯಾ ಅಂತ ಬೆಂಗಳೂರಿನಲ್ಲೂ ಸಮ್ಮೇಳನ ಮಾಡಿದ್ದರು.

ಎಸ್‌ಟಿಸಿ ಸೊರಗಿದ ಕಾಲದಲ್ಲಿ ತೆಕೋಮ್ ಹೇಗೆ ಗಟ್ಟಿಯಾಗಿ ನಿಂತಿತು? ನನಗೆ ಕಾಣುವ ಕಾರಣ ಕಾನೂನು. ಯುರೋಪಿಯನ್ ಒಕ್ಕೂಟದಲ್ಲಿ ಯಂತ್ರ ಮಾರಬೇಕಾದರೆ ಬಳಕೆಯ ಸೂಚನೆ ಜೊತೆಗೆ ಇರಲೇಬೇಕು, ಅದೂ ಮಾರುವ ದೇಶದ ಭಾಷೆಯಲ್ಲಿ. 2006/42 ಸಂಖ್ಯೆಯ ಯಂತ್ರ ನಿರ್ದೇಶನ ಇದನ್ನು ಹೇಳುತ್ತದೆ. ಮ್ಯಾನುಯಲ್ ಸರಿಯಿಲ್ಲದಿದ್ದರೆ ಯಂತ್ರವೇ ಸರಿಯಿಲ್ಲ ಅಂತ ಲೆಕ್ಕ. ಹಾಗಾಗಿ ಅಲ್ಲಿನ ಕಂಪನಿಗೆ ರೈಟರ್ ಬೇಕೇ ಬೇಕು, ಆ ರೈಟರ್‌ಗೆ ನಿಯಮ ತಿಳಿಸುವ ಸಂಘವೂ ಬೇಕು. ಕಂಪನಿಯೇ ಚಂದಾ ಕಟ್ಟಿದರೆ ಆಶ್ಚರ್ಯವಿಲ್ಲ.

ಈಗ ಆ ನಿರ್ದೇಶನದ ಜಾಗಕ್ಕೆ 2023/1230 ಸಂಖ್ಯೆಯ ಹೊಸ ನಿಯಮ ಬರುತ್ತಿದೆ. 2027ರ ಜನವರಿ 20ರಿಂದ ಜಾರಿ. ಇದರಲ್ಲಿ ಸೂಚನೆಗಳನ್ನು ಡಿಜಿಟಲ್ ರೂಪದಲ್ಲಿ ಕೊಡಲು ಅವಕಾಶ ಇದೆ. ಆದರೆ ಕೊಳ್ಳುವಾಗ ಕೇಳಿದವರಿಗೆ ಕಾಗದದ ಪ್ರತಿ ಪುಕ್ಕಟೆ ಕೊಡಬೇಕು. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಯಂತ್ರ ತಯಾರಿಸಿ ಯುರೋಪಿಗೆ ಕಳಿಸುವ ಕಂಪನಿಯಲ್ಲಿ ನೀವು ರೈಟರ್ ಆಗಿದ್ದರೆ, ಇದು ನಿಮ್ಮ ಮೇಜಿನ ಮೇಲೆ ಬಂದು ಬೀಳುವ ಕೆಲಸ. ಪಿಡಿಎಫ್ ಕ್ಯೂಆರ್ ಕೋಡ್ ಹಿಂದೆ ಹಾಕಿದರೆ ಸಾಕಾ? ಯಾವ ಎಚ್ಚರಿಕೆ ಕಾಗದದಲ್ಲೇ ಇರಬೇಕು? ಇಂಥ ಪ್ರಶ್ನೆಗೆ ಉತ್ತರ ಗೊತ್ತಿರುವ ಜನ ತೆಕೋಮ್‌ನಲ್ಲಿ ಸಿಗುತ್ತಾರೆ. ಅದೇ ಬಳಗದಿಂದ ಐಐಆರ್‌ಡಿಎಸ್ (iiRDS) ಅನ್ನುವ ಒಂದು ಮಾನದಂಡವೂ ಬಂದಿದೆ. ಅದರ ಹೆಸರಿನಲ್ಲಿ ಎರಡು ಐ ಇದೆ, ಹುಡುಕುವಾಗ ನೆನಪಿಡಿ. ಮ್ಯಾನುಯಲ್‌ನ ಯಾವ ತುಣುಕು ಯಾವ ಯಂತ್ರದ ಯಾವ ಭಾಗಕ್ಕೆ, ಯಾರಿಗೆ ಅಂತ ಗುರುತು ಹಾಕುವ ಕ್ರಮ ಅದು. ಮೆಕ್ಯಾನಿಕ್ ಯಂತ್ರದ ಪಕ್ಕ ನಿಂತು ಫೋನ್ ತೆಗೆದರೆ ಮುನ್ನೂರು ಪುಟದ ಬದಲು ಬೇಕಾದ ಒಂದು ಪುಟ ಬರಲಿ ಅನ್ನುವುದು ಉದ್ದೇಶ.

ತೊಡಕು ಭಾಷೆಯದ್ದು. ಅಲ್ಲಿನ ಸಾಮಗ್ರಿ ಬಹಳಷ್ಟು ಜರ್ಮನ್‌ನಲ್ಲಿದೆ. ಟಿಸಿವರ್ಲ್ಡ್ ಪತ್ರಿಕೆ ಇಂಗ್ಲಿಷಿನಲ್ಲಿದೆ, ಅದರ ಲೇಖನಗಳನ್ನು ಸುಮ್ನೆ ಆನ್‌ಲೈನ್‌ನಲ್ಲೇ ಓದಬಹುದು. ದುಡ್ಡು ಕಟ್ಟುವ ಮೊದಲು ಅದರ ನಾಲ್ಕೈದು ಲೇಖನ ಓದಿ ನೋಡಿ. ನಿಮ್ಮ ದಿನದ ಕೆಲಸಕ್ಕೆ ತಾಗುವುದು ಒಂದಾದರೂ ಇದ್ದರೆ ಮುಂದುವರಿಯಿರಿ. ಬರೀ ಮೊಬೈಲ್ ಆ್ಯಪ್‌ಗೆ ಬರೆಯುವವರಿಗೆ ಇದರ ಅಗತ್ಯ ನನಗೆ ಕಾಣುವುದಿಲ್ಲ.

ಉಳಿದ ಮೂರು

ಬ್ರಿಟನ್ನಿನ ಟೆಕ್ನಿಕಲ್ ರೈಟರ್‌ಗಳ ಸಂಘ ಐಎಸ್‌ಟಿಸಿ 1972ರಿಂದ ಇದೆ. ಕಮ್ಯುನಿಕೇಟರ್ ಅಂತ ಮೂರು ತಿಂಗಳಿಗೊಮ್ಮೆ ಪತ್ರಿಕೆ, ಟಿಸಿಯುಕೆ ಅಂತ ಸಮ್ಮೇಳನ. ಅನುಭವ ನೋಡಿ ದರ್ಜೆ ಕೊಡುತ್ತಾರೆ. ಪೂರ್ಣ ಸದಸ್ಯರು, ಫೆಲೋಗಳು ಹೆಸರಿನ ಮುಂದೆ ಆ ದರ್ಜೆಯ ಅಕ್ಷರಗಳನ್ನು ಹಾಕಿಕೊಳ್ಳಬಹುದು. ಲಂಡನ್ನಿಗೋ ಮ್ಯಾಂಚೆಸ್ಟರಿಗೋ ಹೋಗಿ ನೆಲೆಸಿದ ನಮ್ಮವರಿಗೆ ನಾನು ಇದನ್ನೇ ಹೇಳುತ್ತೇನೆ. ಹೊಸ ದೇಶದಲ್ಲಿ ಮೊದಲ ಕೆಲಸ ಹುಡುಕುವಾಗ ಅಲ್ಲಿನ ನಾಲ್ಕು ಜನರ ಪರಿಚಯ ಬೇಕೇ ಬೇಕು. ಬೆಂಗಳೂರಲ್ಲೇ ಕೂತಿರುವವರಿಗೆ ಪತ್ರಿಕೆ ಒಂದು ಲಾಭ, ಅಷ್ಟೇ.

ಎಂಜಿನಿಯರ್‌ಗಳ ದೊಡ್ಡ ಸಂಘ ಐಟ್ರಿಪಲ್‌ಇ (IEEE) ಒಳಗೆ ಪ್ರೊಫೆಷನಲ್ ಕಮ್ಯುನಿಕೇಶನ್ ಸೊಸೈಟಿ ಅಂತ ಇದೆ, 1957ರಿಂದ. ಎಂಜಿನಿಯರ್‌ಗಳ ಬರಹ, ಭಾಷಣ ಸುಧಾರಿಸಲು ಶುರುವಾದದ್ದು. ಸಂಶೋಧನಾ ಪತ್ರಿಕೆ ಒಳ್ಳೆಯದು. ಎಂಜಿನಿಯರಿಂಗ್ ಓದಿ ಐಟ್ರಿಪಲ್‌ಇ ಸದಸ್ಯತ್ವ ಮೊದಲೇ ಇರುವವರು ಸ್ವಲ್ಪ ಹೆಚ್ಚು ಕಟ್ಟಿ ಇದಕ್ಕೂ ಸೇರಬಹುದು. ಕಾಲೇಜಿನಲ್ಲಿ ಟೆಕ್ನಿಕಲ್ ಕಮ್ಯುನಿಕೇಶನ್ ಪಾಠ ಮಾಡುವ ಮೇಷ್ಟ್ರುಗಳಿಗೆ ಇದು ಮತ್ತು ಕಂಪ್ಯೂಟರ್ ಕ್ಷೇತ್ರದವರ ಸಂಘ ಎಸಿಎಂನ ಸಿಗ್‌ಡಾಕ್ ಅನ್ನುವ ಗುಂಪು, ಎರಡೂ ಸರಿಯಾದ ಜಾಗ. ಸಿಗ್‌ಡಾಕ್ 1975ರದ್ದು. ಪ್ರಬಂಧ ಬರೆಯುವವರು, ಪಿಎಚ್‌ಡಿ ಮಾಡುವವರು ಹೋಗುವ ಕಡೆ. ನಾಳೆ ರಿಲೀಸ್ ನೋಟ್ಸ್ ಕೊಡಬೇಕಾದವರಿಗೆ ಅಲ್ಲಿ ತಕ್ಷಣಕ್ಕೆ ಸಿಗುವುದು ಕಡಿಮೆ.

ಸರ್ಟಿಫಿಕೇಟ್ ಆಸೆಗೆ ಸೇರಬೇಡಿ

ಎಷ್ಟೋ ಜನ ಸಂಘ ಸೇರುವುದು ರೆಸ್ಯೂಮೆಯಲ್ಲಿ ಒಂದು ಸಾಲು ಸಿಗಲಿ ಅಂತ. ನಾನು ರೈಟರ್‌ಗಳ ಇಂಟರ್‌ವ್ಯೂ ಮಾಡುತ್ತಾ ಬಂದಿದ್ದೇನೆ. ಆ ಸಾಲು ನೋಡಿ ಯಾರನ್ನೂ ತಗೊಂಡಿಲ್ಲ, ಅದು ಇಲ್ಲ ಅಂತ ಯಾರನ್ನೂ ಬಿಟ್ಟಿಲ್ಲ. ನಾನು ಕೇಳುವುದು ಬರೆದ ಎರಡು ಪುಟ. ಮೊದಲ ಡ್ರಾಫ್ಟ್ ಮತ್ತು ಕೊನೆಯ ಡ್ರಾಫ್ಟ್ ಎರಡೂ ತಂದು, ಏನು ಬದಲಾಯಿಸಿದೆ, ಯಾಕೆ ಅಂತ ಹೇಳಿದವರು ನನ್ನ ಕಣ್ಣಿಗೆ ಬೀಳುತ್ತಾರೆ. ಎಲ್ಲಾ ಕಡೆ ಹೀಗೇ ಅಂತ ಹೇಳಲಾರೆ. ಜರ್ಮನಿಯ ಕಂಪನಿಗೆ ಅರ್ಜಿ ಹಾಕುವಾಗ ತೆಕೋಮ್ ತರಬೇತಿಗೆ ಬೆಲೆ ಇದ್ದೇ ಇರುತ್ತದೆ.

ಕಲಿಯುವುದಕ್ಕೇ ಆದರೆ ದುಡ್ಡು ಖರ್ಚು ಮಾಡುವ ಮೊದಲು ಪುಕ್ಕಟೆ ಸಿಗುವುದನ್ನು ಮುಗಿಸಿ. ಗೂಗಲ್‌ನವರ ಟೆಕ್ನಿಕಲ್ ರೈಟಿಂಗ್ ಕೋರ್ಸುಗಳು 2020ರಿಂದ ಎಲ್ಲರಿಗೂ ತೆರೆದಿವೆ. ಒಂದು ವಾರಾಂತ್ಯದಲ್ಲಿ ಮುಗಿಯುತ್ತವೆ. ವಿಮಾನ ಉದ್ಯಮದಿಂದ ಬಂದ ಸರಳ ಇಂಗ್ಲಿಷಿನ ನಿಯಮಾವಳಿ, ಎಎಸ್‌ಡಿ-ಎಸ್‌ಟಿಇ100, ಕೇಳಿದರೆ ಉಚಿತವಾಗಿ ಕಳಿಸುತ್ತಾರೆ. ಒಂದು ಪದಕ್ಕೆ ಒಂದೇ ಅರ್ಥ, ಸಾಧ್ಯವಾದಷ್ಟು ಒಂದು ವಾಕ್ಯದಲ್ಲಿ ಒಂದೇ ಸೂಚನೆ ಅನ್ನುವ ಶಿಸ್ತು ಅದರಲ್ಲಿದೆ. ಕನ್ನಡದಲ್ಲಿ ಸೂಚನೆ ಬರೆಯುವಾಗಲೂ ನನಗೆ ಅದು ಉಪಯೋಗಕ್ಕೆ ಬಂದಿದೆ.

ದುಡ್ಡಿನ ಮಾತು

ಡಾಲರ್, ಯೂರೋ, ಪೌಂಡಿನ ಚಂದಾ ನಮ್ಮ ಸಂಬಳಕ್ಕೆ ಭಾರವೇ. ಚಂದಾ ವರ್ಷವರ್ಷ ಬದಲಾಗುತ್ತದೆ, ಆಯಾ ಸಂಘದಲ್ಲೇ ವಿಚಾರಿಸಿ. ಕಡಿಮೆ ಆದಾಯದ ದೇಶಗಳಿಗೆ, ವಿದ್ಯಾರ್ಥಿಗಳಿಗೆ ಬೇರೆ ದರ ಇದೆಯಾ ಅಂತ ಕೇಳಲು ಮರೆಯಬೇಡಿ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಕಂಪನಿ ಕೊಡುತ್ತದಾ ನೋಡಿ. ತರಬೇತಿಗೆ ಅಂತ ಇಟ್ಟ ಹಣ ಖರ್ಚಾಗದೇ ಉಳಿದಿರುತ್ತದೆ, ಕೇಳುವವರು ಕಡಿಮೆ. ಮ್ಯಾನೇಜರ್ ಹತ್ತಿರ ಹೋಗಿ "ನನ್ನ ಬೆಳವಣಿಗೆಗೆ ಬೇಕು" ಅಂದರೆ ಅಪ್ರೈಸಲ್ ಹೊತ್ತಿಗೆ ನೋಡೋಣ ಅಂತಾರೆ. "2027ಕ್ಕೆ ಯುರೋಪಿನ ನಿಯಮ ಬದಲಾಗುತ್ತಿದೆ, ನಮ್ಮ ಹನ್ನೆರಡು ಮ್ಯಾನುಯಲ್ ಬದಲಾಗಬೇಕು, ಹೇಗೆ ಅಂತ ಈ ಜನರಿಗೆ ಗೊತ್ತಿದೆ" ಅಂದು ನೋಡಿ. ನಾನು ಹೀಗೆ ಕೇಳಿಯೇ ಒಂದು ವರ್ಷದ ಚಂದಾ ಪಡೆದದ್ದು. ಬದಲಿಗೆ, ಕಲಿತದ್ದನ್ನು ಟೀಮಿಗೆ ಒಂದು ಗಂಟೆ ಹೇಳಿಕೊಡುತ್ತೇನೆ ಅಂತ ಒಪ್ಪಿಕೊಂಡೆ.

ಕೈಯಿಂದ ಕೊಡುವುದಾದರೆ ಒಂದು ವರ್ಷಕ್ಕೆ ಕೊಡಿ. ಆ ವರ್ಷದಲ್ಲಿ ಒಂದು ಸಲವಾದರೂ ನಿಮ್ಮ ಬರಹ ಯಾರಿಗಾದರೂ ತೋರಿಸಿದಿರಾ, ಯಾರದ್ದಾದರೂ ಓದಿಕೊಟ್ಟಿರಾ ಅಂತ ಡಿಸೆಂಬರಿನಲ್ಲಿ ನೋಡಿಕೊಳ್ಳಿ. ಎರಡೂ ಇಲ್ಲದಿದ್ದರೆ ನವೀಕರಿಸಬೇಡಿ. ಬರೀ ಇಮೇಲ್ ಬರುವ ಸದಸ್ಯತ್ವಕ್ಕೆ ದುಡ್ಡು ಯಾಕೆ?

ಫೋನ್ ಮಾಡಿದ ಹುಡುಗಿಗೆ

ಅವಳು ಸಾಫ್ಟ್‌ವೇರಿಗೆ ಬರೆಯುವವಳು, ಒಬ್ಬಳೇ ರೈಟರ್, ಸಂಬಳ ಇನ್ನೂ ಕಡಿಮೆ. ಹಾಗಾಗಿ ಈ ವರ್ಷ ಒಂದು ಪೈಸೆಯೂ ಕಟ್ಟಬೇಡ ಅಂತ ಹೇಳಿದೆ. ರೈಟ್ ದ ಡಾಕ್ಸ್ ಸ್ಲ್ಯಾಕ್ ಸೇರಿಕೊ, ಮೂರು ಮೀಟಪ್‌ಗೆ ಹೋಗು. ಮೊದಲ ಸಲ ಸುಮ್ನೆ ಕೇಳು. ಎರಡನೇ ಸಲ ಒಂದು ಪ್ರಶ್ನೆ ಕೇಳು. ಮೂರನೇ ಸಲ ಎರಡು ಪುಟ ಪ್ರಿಂಟ್ ತಗೊಂಡು ಹೋಗು, ಸಾಲಿನ ನಡುವೆ ಪೆನ್ನಿನಲ್ಲಿ ಬರೆಯುವಷ್ಟು ಜಾಗ ಬಿಟ್ಟು. ಕಂಪನಿಯ ಗುಟ್ಟು ಇರುವ ಪುಟ ಬೇಡ, ಹೊರಗೆ ಪ್ರಕಟವಾಗಿರುವುದನ್ನೇ ಆರಿಸು ಅಂದೆ. "ಹೇಗಿದೆ" ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. "ಇದನ್ನು ಓದಿಕೊಂಡು ಮಾಡಿದರೆ ಎಲ್ಲಿ ನಿಲ್ಲುತ್ತೀರಿ" ಅಂತ ಕೇಳಬೇಕು.

"ಯಾವ ಎರಡು ಪುಟ ಮೇಡಂ?" ಅಂದಳು. ಸಪೋರ್ಟ್ ಟೀಮಿನವರ ಹತ್ತಿರ ಹೋಗಿ, ಯಾವ ಪುಟ ಓದಿದ ಮೇಲೂ ಜನ ಫೋನ್ ಮಾಡುತ್ತಾರೆ ಅಂತ ಕೇಳು, ಅದನ್ನೇ ತಗೊಂಡು ಹೋಗು ಅಂದೆ.